ಭಾಗಲಬ್ಧ ಸಂಖ್ಯೆಗಳೂ ವಾಸ್ತವ ಸಂಖ್ಯೆಗಳೂ



ಲೆಕ್ಕವೆಂಬದು ಎಣಿಕೆಯಿಂದ ಹುಟ್ಟಿತು, ಅಳತೆಯಿಂದ ಬೆಳೆಯಿತು. ದನಗಳನ್ನೆಣಿಸುವವನಿಗೆ ಒಂದು, ಎರಡು, ಮೂರು ಎಂಬ ಪೂರ್ಣಾಂಕಗಳು ಸಾಕು. ಬಟ್ಟೆಯನ್ನೂ ಕಾಳನ್ನೂ ಹೊಲವನ್ನೂ ಅಳೆಯುವವನಿಗೆ ಅವು ಸಾಲವು. ಮೊಳವನ್ನಿಟ್ಟು ಅಳೆಯುತ್ತ ಹೋದಾಗ ಕಡೆಯಲ್ಲಿ ಮೊಳಕ್ಕಿಂತ ಕಡಿಮೆಯಾದ ತುಂಡೊಂದು ಉಳಿದೇ ಉಳಿಯುವದು. ಆ ತುಂಡಿಗೆ ಹೆಸರು ಕೊಡುವದಕ್ಕಾಗಿಯೇ ಅರ್ಧ, ಕಾಲು, ಮುಕ್ಕಾಲು, ಅರೆಕಾಲು, ವೀಸ ಎಂಬ ಮಾತುಗಳು ಹುಟ್ಟಿಕೊಂಡವು. ಮೊಳವನ್ನು ಸಮನಾದ ಕೆಲವು ಪಾಲುಗಳಾಗಿ ಒಡೆದು, ಅಂಥ ಪಾಲುಗಳು ಎಷ್ಟೆಂದು ಎಣಿಸುವದೇ ಇಲ್ಲಿಯ ಉಪಾಯವು. ಎಷ್ಟು ಪಾಲು ಮಾಡಿದರೆಂಬದಕ್ಕೆ ಛೇದವೆಂತಲೂ, ಎಷ್ಟು ಪಾಲು ತೆಗೆದುಕೊಂಡರೆಂಬದಕ್ಕೆ ಅಂಶವೆಂತಲೂ ಹೆಸರು. ಹೀಗೆ ಒಂದು ಪೂರ್ಣಾಂಕವನ್ನು ಸೊನ್ನೆಯಲ್ಲದ ಇನ್ನೊಂದು ಪೂರ್ಣಾಂಕದಿಂದ ಭಾಗಿಸಿ ಪಡೆಯಲಾದ ಸಂಖ್ಯೆಯೇ ಭಾಗಲಬ್ಧ ಸಂಖ್ಯೆಯು. ಐದು ಎಂಬ ಪೂರ್ಣಾಂಕವೂ ಐದನ್ನು ಒಂದರಿಂದ ಭಾಗಿಸಿದ ಫಲವಾದ್ದರಿಂದ ಭಾಗಲಬ್ಧವೇ ಸರಿ.

ಹೆಸರುಗಳ ವಿಷಯದಲ್ಲಿ ಒಂದು ಮಾತು. ಇಂಗ್ಲಿಷಿನಲ್ಲಿ ಭಾಗಲಬ್ಧಕ್ಕೆ ರ್‍ಯಾಶನಲ್ ಎಂದೂ, ಅಲ್ಲದ್ದಕ್ಕೆ ಇರ್‍ಯಾಶನಲ್ ಎಂದೂ ಹೇಳುವದರಿಂದ, ಮೊದಲನೆಯದು ಬುದ್ಧಿಗೆ ಒಪ್ಪುವಂಥಾದ್ದು, ಎರಡನೆಯದು ಒಪ್ಪದಂಥಾದ್ದು ಎಂದು ಎಷ್ಟೋ ಜನ ವಿದ್ಯಾರ್ಥಿಗಳು ತಿಳಿದುಕೊಂಡಿರುತ್ತಾರೆ. ಅಲ್ಲಿಯ ರೇಶಿಯೋ ಎಂಬ ಮೂಲಶಬ್ದಕ್ಕೆ ಇಲ್ಲಿ ಪ್ರಮಾಣ, ಅನುಪಾತ ಎಂಬ ಅರ್ಥವೇ ಹೊರತು ವಿವೇಕವೆಂಬ ಅರ್ಥವಿಲ್ಲ. ಗ್ರೀಕರು ಇಂಥ ರಾಶಿಗೆ ಅಲೋಗೋಸ್ ಎಂದರು. ಆ ಮಾತಿಗೆ ಪ್ರಮಾಣವಿಲ್ಲದ್ದು, ಮಾತಿಲ್ಲದ್ದು ಎಂಬೆರಡೂ ಅರ್ಥಗಳುಂಟು. ಅರಬರು ಅದನ್ನು ಕಿವುಡು ಎಂದು ತಮ್ಮ ಭಾಷೆಗೆ ತಂದರು. ಲ್ಯಾಟಿನಿನವರು ಆ ಕಿವುಡನ್ನೇ ಸರ್ಡಸ್ ಎಂದರು. ಅದರಿಂದ ಬಂದ ಸರ್ಡ್ ಎಂಬ ಪದವು ಇಂದಿಗೂ ಶಾಲೆಯ ಪುಸ್ತಕಗಳಲ್ಲಿ ಉಳಿದಿದೆ. ಇವೆಲ್ಲಕ್ಕಿಂತ ಭಾಗಲಬ್ಧ, ಅಭಾಗಲಬ್ಧ ಎಂಬ ಹೆಸರುಗಳೇ ವಸ್ತುವನ್ನು ನೆಟ್ಟಗೆ ಹೇಳುವವು. ಇನ್ನು ವಾಸ್ತವವೆಂಬ ವಿಶೇಷಣವು ಫ್ರಾನ್ಸ್ ದೇಶದ ದೆಕಾರ್ತನು 1637ರಲ್ಲಿ ಪ್ರಕಟಿಸಿದ ಜ್ಯಾಮಿತಿಯ ಗ್ರಂಥದಿಂದ ಬಂದಿತು. ಸಮೀಕರಣಗಳ ಮೂಲಗಳಲ್ಲಿ ಕೆಲವನ್ನು ಕಾಲ್ಪನಿಕವೆಂದು ಕರೆದಾಗ, ಉಳಿದವು ವಾಸ್ತವವೆನಿಸಿದವು. ಋಣರಾಶಿಯು ಯಾವದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು, ಅದಕ್ಕೂ ಎಷ್ಟೋ ಮೊದಲು, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಹೇಳಿಬಿಟ್ಟಿದ್ದನು. ಅದು ಬೇರೆಯೇ ಒಂದು ಕಥೆ. ಇಲ್ಲಿ ವಿಚಾರಿಸತಕ್ಕದ್ದು ಸರಳರೇಖೆಯ ಮೇಲಣ ಸಂಖ್ಯೆಗಳನ್ನು ಮಾತ್ರ.

ಒಂದು ಸರಳರೇಖೆಯನ್ನೆಳೆದು, ಒಂದು ಬಿಂದುವಿಗೆ ಸೊನ್ನೆಯೆಂದೂ ಮುಂದಿನ ಒಂದು ಬಿಂದುವಿಗೆ ಒಂದು ಎಂದೂ ಹೆಸರಿಟ್ಟು, ಭಾಗಲಬ್ಧ ಸಂಖ್ಯೆಗಳನ್ನೆಲ್ಲ ಅವವುಗಳ ಸ್ಥಾನದಲ್ಲಿ ಗುರುತುಮಾಡುತ್ತ ಹೋದರೆ ಏನಾಗುವದು? ಮೂರರಲ್ಲೊಂದಕ್ಕೂ ಅರ್ಧಕ್ಕೂ ನಡುವೆ ಹನ್ನೆರಡರಲ್ಲಿ ಐದು ಇರುವದು. ಅದಕ್ಕೂ ಅರ್ಧಕ್ಕೂ ನಡುವೆ ಇಪ್ಪತ್ತನಾಲ್ಕರಲ್ಲಿ ಹನ್ನೊಂದು ಇರುವದು. ಎರಡು ಭಾಗಲಬ್ಧಗಳು ಎಷ್ಟೇ ಹತ್ತಿರವಿದ್ದರೂ ಅವುಗಳನ್ನು ಕೂಡಿಸಿ ಅರ್ಧಮಾಡಿದರೆ ನಡುವೆ ಇನ್ನೊಂದು ಸಿಕ್ಕುವದು. ಒಂದು ಸಿಕ್ಕಿತೆಂದರೆ ಎಣಿಕೆಯಿಲ್ಲದಷ್ಟು ಸಿಕ್ಕಿದಂತೆಯೇ. ರೇಖೆಯ ಮೇಲೆ ಕೂದಲಿನೆಳೆಯಷ್ಟು ಜಾಗವನ್ನಾದರೂ ಭಾಗಲಬ್ಧಗಳು ಬಿಟ್ಟಿರುವದಿಲ್ಲ. ಇದನ್ನು ನೋಡಿದ ಯಾವ ವಿವೇಕಿಯಾದರೂ ರೇಖೆಯು ತುಂಬಿತು, ಇನ್ನೊಂದು ಸಂಖ್ಯೆಗೆ ಇಲ್ಲಿ ಎಡೆಯಿಲ್ಲ ಎಂದೇ ಹೇಳುವನು. ಹಾಗೆ ಹೇಳಿದ್ದು ಸುಳ್ಳೆಂಬದೇ ಈ ಉಪನ್ಯಾಸದ ವಿಷಯವು.

ಒಂದು ಮೊಳ ಬಾಹುವುಳ್ಳ ಸಮಚತುರಸ್ರವನ್ನು ನೆಲದ ಮೇಲೆ ಬರೆದು, ಮೂಲೆಯಿಂದ ಮೂಲೆಗೆ ಕರ್ಣವನ್ನೆಳೆಯಬೇಕು. ಆ ಕರ್ಣದ ಮೇಲೆ ಕಟ್ಟಿದ ಚತುರಸ್ರದ ಕ್ಷೇತ್ರವು ಮೊದಲಿನದರ ಇಮ್ಮಡಿಯಾಗಿರುವದೆಂದು ಶುಲ್ಬಸೂತ್ರಕಾರರು ಬಲ್ಲರು. ಬಡಿಗನೂ ಕಲ್ಲುಕುಟಿಗನೂ ತಮ್ಮ ಅನುಭವದಿಂದ ಬಲ್ಲರು. ಹಾಗಾದರೆ ಕರ್ಣವು ಎಷ್ಟು ಮೊಳ? ತನ್ನಿಂದ ತನ್ನನ್ನು ಗುಣಿಸಿದರೆ ಎರಡಾಗುವ ಸಂಖ್ಯೆ ಎಷ್ಟೋ ಅಷ್ಟು. ಮೊಳವನ್ನು 5 ಪಾಲು ಮಾಡಿ ನೋಡಿದರೆ ಕರ್ಣವು ಅಂಥ 7 ಪಾಲುಗಳಷ್ಟು ಕಾಣುವದು. ಆದರೆ 7ರ ವರ್ಗ 49. 5ರ ವರ್ಗದ ಇಮ್ಮಡಿ 50. ಒಂದು ಕಡಿಮೆಯಾಯಿತು. ಮೊಳವನ್ನು 12 ಪಾಲು ಮಾಡಿದರೆ ಕರ್ಣವು 17 ಪಾಲಿಗೆ ಸಮೀಪಿಸುವದು. 17ರ ವರ್ಗ 289. 12ರ ವರ್ಗದ ಇಮ್ಮಡಿ 288. ಈಗ ಒಂದು ಹೆಚ್ಚಾಯಿತು. ಇನ್ನೂ ಸಣ್ಣ ಪಾಲು ಮಾಡಿದರೆ ಎಲ್ಲಿಯಾದರೂ ಸರಿಹೋಗಬಹುದಲ್ಲವೇ ಎಂದು ಕೇಳುವದು ಸಹಜವೇ. ಲಕ್ಷ ಪಾಲು, ಕೋಟಿ ಪಾಲು ಮಾಡಿ ಸರಿಹೋಗಲಿಲ್ಲವೆಂದು ತೋರಿಸಿದರೂ ಆ ಪ್ರಶ್ನೆಗೆ ಉತ್ತರವಾಗದು; ಅದರಾಚೆಗೆ ಸರಿಹೋಗಬಹುದೆಂಬ ಆಸೆಯು ಉಳಿದೇ ಇರುವದು. ಆದಕಾರಣ ಅಳೆದು ನೋಡುವದನ್ನು ಬಿಟ್ಟು, ಯುಕ್ತಿಯಿಂದಲೇ ಇದನ್ನು ನಿರ್ಣಯಿಸಬೇಕು.

ಆ ಯುಕ್ತಿಯು ಬಹಳ ಹಳೆಯದು. ಗ್ರೀಕ್ ದೇಶದ ಅರಿಸ್ಟಾಟಲನು ಅದನ್ನು ಎಲ್ಲರಿಗೂ ತಿಳಿದ ಉದಾಹರಣೆಯೆಂಬಂತೆ ಹೇಳಿಬಿಟ್ಟಿದ್ದಾನೆ. ಕರ್ಣವು ಒಂದು ಭಿನ್ನರಾಶಿಯೇ ಆಗಿದೆಯೆಂದು ಸದ್ಯಕ್ಕೆ ಒಪ್ಪಿಕೊಳ್ಳೋಣವಾಗಲಿ. ಅಂಶ, ಛೇದಗಳೆರಡನ್ನೂ ಭಾಗಿಸುವ ಸಂಖ್ಯೆಯಿದ್ದರೆ ಅದರಿಂದ ಭಾಗಿಸಿ, ಆ ಭಿನ್ನವನ್ನು ಅತ್ಯಂತ ಚಿಕ್ಕ ರೂಪಕ್ಕೆ ತಂದಿರಬೇಕು. ಆಗ ಅಂಶವೂ ಛೇದವೂ ಎರಡೂ ಸಮಸಂಖ್ಯೆಗಳಾಗಿರಲಾರವು; ಆಗಿದ್ದರೆ ಎರಡರಿಂದ ಇನ್ನೊಮ್ಮೆ ಭಾಗಿಸಬಹುದಾಗಿತ್ತು. ಈಗ ಅಂಶದ ವರ್ಗವು ಛೇದದ ವರ್ಗದ ಇಮ್ಮಡಿ. ಇಮ್ಮಡಿಯಾದ್ದರಿಂದ ಅದು ಸಮಸಂಖ್ಯೆ. ವಿಷಮಸಂಖ್ಯೆಯ ವರ್ಗವು ಎಂದಿಗೂ ವಿಷಮವೇ ಆದಕಾರಣ, ವರ್ಗವು ಸಮವಾಗಿದ್ದಲ್ಲಿ ಅಂಶವೂ ಸಮವಾಗಿರಲೇಬೇಕು. ಅಂಶವು ಸಮವಾದರೆ ಅದು ಯಾವದೋ ಒಂದು ಪೂರ್ಣಾಂಕದ ಇಮ್ಮಡಿ. ಅದರ ವರ್ಗವು ಆ ಪೂರ್ಣಾಂಕದ ವರ್ಗದ ನಾಲ್ವಡಿ. ಈ ನಾಲ್ವಡಿಯು ಛೇದದ ವರ್ಗದ ಇಮ್ಮಡಿಗೆ ಸಮನಾದ್ದರಿಂದ, ಛೇದದ ವರ್ಗವು ಆ ಪೂರ್ಣಾಂಕದ ವರ್ಗದ ಇಮ್ಮಡಿಯಾಯಿತು. ಅಂದಮೇಲೆ ಛೇದವೂ ಸಮ. ಎರಡೂ ಸಮವಾಗಿರಲಾರವೆಂದು ಮೊದಲೇ ಗೊತ್ತುಮಾಡಿದ್ದು ಹೋಗಿ, ಎರಡೂ ಸಮವೇ ಎಂದು ಬಂದುನಿಂತಿತು. ಆದ್ದರಿಂದ ಮೊದಲಿಗೆ ಒಪ್ಪಿಕೊಂಡ ಮಾತೇ ತಪ್ಪು. ಮೊಳವನ್ನು ಎಷ್ಟು ಪಾಲು ಮಾಡಿದರೂ ಕರ್ಣವು ಆ ಪಾಲುಗಳಿಂದ ತೀರದು. ಇದುವರೆಗೆ ಯಾರೂ ಕಂಡುಹಿಡಿಯಲಿಲ್ಲವೆಂದಲ್ಲ. ಕಂಡುಹಿಡಿಯುವ ವಸ್ತುವೇ ಅಲ್ಲಿ ಇಲ್ಲ.

ಇದನ್ನು ಹೊರಗೆಡಹಿದ ಹಿಪ್ಪಾಸಸ್ ಎಂಬವನನ್ನು ಪಿಥಾಗೊರಸನ ಪಂಥದವರು ಸಮುದ್ರದಲ್ಲಿ ಮುಳುಗಿಸಿದರೆಂಬ ಕಥೆಯು ಅನೇಕ ಪುಸ್ತಕಗಳಲ್ಲಿ ಕಾಣುತ್ತದೆ. ಅದು ಎಷ್ಟೋ ಶತಮಾನಗಳ ಅನಂತರ ಬರೆದವರ ಮಾತು. ನಂಬಲು ಆಧಾರವು ಸಾಲದು. ಪ್ಲೇಟೋವಿನ ಸಂವಾದವೊಂದರಲ್ಲಿ ಸೈರೀನಿನ ಥಿಯೊಡೊರಸನು 3ರಿಂದ ತೊಡಗಿ 17ರವರೆಗಿನ ಕ್ಷೇತ್ರಗಳ ಬಾಹುಗಳನ್ನು ಒಂದೊಂದಾಗಿ ತೆಗೆದುಕೊಂಡು ಇದೇ ತೆರನಾದ ಸಂಗತಿಯನ್ನು ತೋರಿಸಿದನೆಂದು ಹೇಳಿರುವದೇ ಹೆಚ್ಚು ಬೆಲೆಯುಳ್ಳ ಸಾಕ್ಷಿಯು.

ಭಾರತದ ಯಜ್ಞಶಾಲೆಯವರು ಹಿಡಿದ ದಾರಿಯು ಬೇರೆ. ಅವರಿಗೆ ವೇದಿಯನ್ನು ಕಟ್ಟಬೇಕಾಗಿತ್ತು. ಕರ್ಣವು ಕೈಗೆ ಸಿಕ್ಕಬೇಕಾಗಿತ್ತು. ಬೌಧಾಯನ ಶುಲ್ಬಸೂತ್ರದಲ್ಲಿ ಕರ್ಣಕ್ಕೆ ದ್ವಿಕರಣೀ ಎಂದು ಹೆಸರು. ಬಾಹುವಿಗೆ ಅದರ ಮೂರನೆಯ ಒಂದು ಪಾಲನ್ನೂ, ಆ ಪಾಲಿನ ನಾಲ್ಕನೆಯ ಒಂದು ಪಾಲನ್ನೂ ಕೂಡಿಸಿ, ಈ ಕಡೆಯ ಪಾಲಿನ ಮೂವತ್ತನಾಲ್ಕನೆಯ ಒಂದು ಪಾಲನ್ನು ಕಳೆಯಬೇಕೆಂದು ಅಲ್ಲಿಯ ವಿಧಿ. ಲೆಕ್ಕಮಾಡಿದರೆ 408ರಲ್ಲಿ 577 ಪಾಲಾಗುವದು. 577ರ ವರ್ಗ 3,32,929. 408ರ ವರ್ಗದ ಇಮ್ಮಡಿ 3,32,928. ಇಲ್ಲಿಯೂ ಹೆಚ್ಚಾದದ್ದು ಒಂದೇ ಒಂದು! 408 ಅಂಗುಲ ಬಾಹುವಿನ ವೇದಿಯಲ್ಲಿ ಈ ವಿಧಿಯಿಂದ ಕರ್ಣವು ಒಂದು ಅಂಗುಲದ ಸಾವಿರದಲ್ಲೊಂದು ಪಾಲಿನಷ್ಟು ಕೂಡ ತಪ್ಪುವದಿಲ್ಲ. ಇದಕ್ಕೂ ಹಿಂದಿನ ಬಾಬಿಲೋನಿನ ಮಣ್ಣಿನ ಹಲಗೆಯೊಂದರಲ್ಲಿ ಅದೇ ಕರ್ಣವು ಅರವತ್ತರ ಭಾಗಗಳಲ್ಲಿ 1, 24, 51, 10 ಎಂದು ಬರೆದಿರುವದು. ಆ ಹಲಗೆಯು ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಅದರ ವರ್ಗವು ಎರಡಕ್ಕಿಂತ ತುಸು ಕಡಿಮೆ. ಬೌಧಾಯನನದು ತುಸು ಹೆಚ್ಚು. ಆತನು ಈ ಬೆಲೆಗೆ ಸವಿಶೇಷವೆಂಬ ಹೆಸರನ್ನಿಟ್ಟಿರುವನು. ಏನೋ ಒಂದು ಮಿಕ್ಕಿರುವದೆಂಬ ಅರಿವು ಆ ಹೆಸರಿನಲ್ಲಿಯೇ ಅಡಗಿರಬಹುದು. ಆದರೆ ಆ ಮಿಕ್ಕದ್ದು ಎಂದಿಗೂ ತೀರದೆಂಬ ಸಾಧನೆಯು ಸೂತ್ರದಲ್ಲಿಲ್ಲ. ಇದೆಯೆಂದು ಅಭಿಮಾನದಿಂದ ಹೇಳುವವರು ಸೂತ್ರಕಾರನಿಗೆ ಉಪಕಾರವನ್ನೇನೂ ಮಾಡಿದಂತಾಗುವದಿಲ್ಲ. ಆತನ ಕೀರ್ತಿಗೆ 577 ಮತ್ತು 408 ಇವೇ ಸಾಕು.

ಈ ಒಂದರ ವ್ಯತ್ಯಾಸವು ಹೀಗೆ ಮತ್ತೆ ಮತ್ತೆ ಬರುವದೇಕೆ ಎಂಬದನ್ನು ವಿಚಾರಿಸುವದು ವ್ಯರ್ಥವಲ್ಲ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ವರ್ಗಪ್ರಕೃತಿಯೆಂಬ ಪ್ರಕರಣದಲ್ಲಿ ಭಾವನಾ ಎಂಬ ಕ್ರಮವನ್ನು ಕೊಟ್ಟಿರುವನು. ಅದರಂತೆ 3 ಮತ್ತು 2 ಎಂಬ ಜೋಡಿಯನ್ನು ತೆಗೆದುಕೊಳ್ಳಬೇಕು. 3ರ ವರ್ಗವು 2ರ ವರ್ಗದ ಇಮ್ಮಡಿಗಿಂತ ಒಂದು ಹೆಚ್ಚು. ಈ ಜೋಡಿಯನ್ನು ತನ್ನೊಡನೆಯೇ ಭಾವನೆ ಮಾಡಿದರೆ 17 ಮತ್ತು 12 ಬರುವವು. ಅವನ್ನು ತಮ್ಮೊಡನೆ ಭಾವನೆ ಮಾಡಿದರೆ 577 ಮತ್ತು 408 ಬರುವವು. ಮತ್ತೊಮ್ಮೆ ಮಾಡಿದರೆ 6,65,857 ಮತ್ತು 4,70,832. ಪ್ರತಿಯೊಂದು ಹೆಜ್ಜೆಗೂ ಭಿನ್ನವು ಕರ್ಣಕ್ಕೆ ಅತಿಶಯವಾಗಿ ಸಮೀಪಿಸುವದು. ಪ್ರತಿಯೊಂದು ಹೆಜ್ಜೆಯಲ್ಲಿಯೂ ವರ್ಗಗಳ ನಡುವಣ ಆ ಒಂದು ಹಾಗೆಯೇ ನಿಲ್ಲುವದು. ಗ್ರೀಕರಲ್ಲಿ ಸ್ಮಿರ್ನಾದ ಥಿಯೋನನು ಹೇಳಿದ ಕ್ರಮವು ಇನ್ನೂ ಸುಲಭ: ಅಂಶಕ್ಕೆ ಛೇದವನ್ನು ಕೂಡಿಸಿದರೆ ಹೊಸ ಛೇದ, ಅಂಶಕ್ಕೆ ಛೇದದ ಇಮ್ಮಡಿಯನ್ನು ಕೂಡಿಸಿದರೆ ಹೊಸ ಅಂಶ. 1/1ರಿಂದ ತೊಡಗಿದರೆ 3/2, 7/5, 17/12, 41/29, 99/70, 239/169, 577/408 ಎಂದು ಸಾಗುವದು. ಇವುಗಳಲ್ಲಿ ಒಂದು ಬಿಟ್ಟೊಂದು ಕರ್ಣಕ್ಕಿಂತ ಕಡಿಮೆ ಮತ್ತು ಹೆಚ್ಚು. ಕಡಿಮೆಯವು ಒಂದು ಸಾಲು, ಹೆಚ್ಚಿನವು ಇನ್ನೊಂದು ಸಾಲು. ಒಂದು ಸಾಲು ಎಡದಿಂದಲೂ ಇನ್ನೊಂದು ಬಲದಿಂದಲೂ ನಡೆದುಬಂದು, ನಡುವಣ ಜಾಗವು ಎಷ್ಟು ಬೇಕಾದರೂ ಕಿರಿದಾಗುವದು. ಆದರೆ ಅವು ಕೂಡತಕ್ಕ ಸ್ಥಳದಲ್ಲಿ ಭಾಗಲಬ್ಧ ಸಂಖ್ಯೆಯೊಂದೂ ಇರುವದಿಲ್ಲ. ತುಂಬಿತೆಂದು ತಿಳಿದ ರೇಖೆಯಲ್ಲಿ ಇದೊಂದು ತೆರಪು.

ವೃತ್ತದ ಪರಿಧಿಯ ಕಥೆಯೂ ಇಂಥದೇ, ಆದರೆ ಇದಕ್ಕಿಂತ ಕಠಿಣವಾದದ್ದು. ಮಹಾವೀರನು ಪರಿಧಿಯು ವ್ಯಾಸದ ಎಷ್ಟು ಮಡಿಯೆಂಬದಕ್ಕೆ ಸ್ಥೂಲವಾಗಿ 3 ಎಂದೂ, ಸೂಕ್ಷ್ಮವಾಗಿ 10ರ ವರ್ಗಮೂಲವೆಂದೂ ಹೇಳಿದನು; ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಸ್ಥೂಲಕ್ಕೆ 22/7, ಸೂಕ್ಷ್ಮಕ್ಕೆ 3927/1250 ಎಂದನು. ಇವರಿಗಿಂತ ಮೊದಲು, 499ರಲ್ಲಿ, ಆರ್ಯಭಟನು 20,000 ವ್ಯಾಸಕ್ಕೆ 62,832 ಪರಿಧಿಯು ಆಸನ್ನವೆಂದು ಹೇಳಿದ್ದನು. ಆಸನ್ನವೆಂದರೆ ಸಮೀಪದ್ದು. ನಿಜವಾದ ಬೆಲೆಯನ್ನು ಬಿಟ್ಟು ಸಮೀಪದ್ದನ್ನು ಏಕೆ ಹೇಳಿದನೆಂದು ಕೇರಳದ ನೀಲಕಂಠ ಸೋಮಯಾಜಿಯು, 1500ರ ಸುಮಾರಿನಲ್ಲಿ, ತನ್ನ ಆರ್ಯಭಟೀಯ ಭಾಷ್ಯದಲ್ಲಿ ತಾನೇ ಕೇಳಿಕೊಂಡು ತಾನೇ ಉತ್ತರವನ್ನು ಕೊಟ್ಟಿರುವನು. ಅದರ ತಾತ್ಪರ್ಯವೇನೆಂದರೆ: ಯಾವ ಮಾನದಿಂದ ಅಳೆದರೆ ವ್ಯಾಸವು ಶೇಷವಿಲ್ಲದೆ ತೀರುವದೋ ಆ ಮಾನದಿಂದಲೇ ಪರಿಧಿಯನ್ನಳೆದರೆ ಶೇಷವು ಉಳಿಯುವದು, ಪರಿಧಿಯನ್ನು ತೀರಿಸುವ ಮಾನದಿಂದ ವ್ಯಾಸವು ತೀರದು, ಎಷ್ಟು ದೂರ ಹೋದರೂ ಶೇಷವನ್ನು ಅಲ್ಪವಾಗಿಸಬಹುದೇ ಹೊರತು ಇಲ್ಲದಂತೆ ಮಾಡಲಾಗದು. ಭಾಗಲಬ್ಧಕ್ಕೂ ಅಭಾಗಲಬ್ಧಕ್ಕೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವದು ಇಂದಿನವರಿಗೂ ಕಷ್ಟವೇ. ಆತನು ಸಾಧನೆಯನ್ನು ಮಾತ್ರ ಕೊಡಲಿಲ್ಲ. ಆ ಸಾಧನೆಯು ಯೂರೋಪಿನ ಲ್ಯಾಂಬರ್ಟನಿಂದ 1761ರಲ್ಲಿ ಬಂದಿತು. ಮುಂದೆ 1882ರಲ್ಲಿ ಲಿಂಡೆಮನ್ನನು, ಪೂರ್ಣಾಂಕಗಳ ಗುಣಕಗಳುಳ್ಳ ಯಾವ ಬೀಜಗಣಿತದ ಸಮೀಕರಣಕ್ಕೂ ಈ ಸಂಖ್ಯೆಯು ಮೂಲವಾಗಲಾರದೆಂದು ತೋರಿಸಿದನು. ಎರಡರ ವರ್ಗಮೂಲವು ಭಾಗಲಬ್ಧವಲ್ಲದಿದ್ದರೂ ಒಂದು ಸರಳ ಸಮೀಕರಣದಿಂದ ಹಿಡಿಯಲ್ಪಡುವದು. ಪರಿಧಿಯ ಸಂಖ್ಯೆಗೆ ಆ ಹಿಡಿಯೂ ಇಲ್ಲ.

ದಶಾಂಶ ಪದ್ಧತಿಯಲ್ಲಿ ಬರೆದರೆ ಎರಡು ಬಗೆಯ ಸಂಖ್ಯೆಗಳ ಭೇದವು ಕಣ್ಣಿಗೇ ಕಾಣುವದು. ಒಂದನ್ನು ಏಳರಿಂದ ಭಾಗಿಸುವಾಗ ಕ್ರಮವಾಗಿ ಉಳಿಯುವ ಶೇಷಗಳು 3, 2, 6, 4, 5, 1. ಏಳರಿಂದ ಭಾಗಿಸುವಾಗ ಸೊನ್ನೆಯಲ್ಲದ ಶೇಷಗಳು ಆರೇ ಇರುವದರಿಂದ, ಒಂದೊಂದು ಬಂದಾದ ಮೇಲೆ ಹಿಂದಿನದು ಮತ್ತೆ ಬರಲೇಬೇಕು. ಬಂದೊಡನೆ ಹಿಂದಿನ ಅಂಕಿಗಳೂ ಅದೇ ಕ್ರಮದಲ್ಲಿ ಮರಳುವವು. ಆದಕಾರಣ 0.142857 142857 ಎಂದು ಅದೇ ಆರು ಅಂಕಿಗಳು ಗಾಣದೆತ್ತಿನಂತೆ ಸುತ್ತುವವು. ಛೇದವು ಯಾವದೇ ಆಗಿರಲಿ, ಶೇಷಗಳಿಗೆ ಮಿತಿಯುಂಟು. ಆದ್ದರಿಂದ ಭಾಗಲಬ್ಧ ಸಂಖ್ಯೆಯ ದಶಾಂಶವು ಒಂದೋ ನಿಂತುಹೋಗುವದು, ಇಲ್ಲವೇ ಆವೃತ್ತಿಯಾಗುವದು. ಆವೃತ್ತಿಯಾಗುವ ದಶಾಂಶವೆಲ್ಲವೂ ಭಾಗಲಬ್ಧವೆಂಬದೂ ನಿಜ: 0.272727 ಎಂದು ಸಾಗುವದನ್ನು ನೂರರಿಂದ ಗುಣಿಸಿ ಮೂಲವನ್ನು ಕಳೆದರೆ 27 ಮಾತ್ರ ಉಳಿಯುವದು. ಅಂದರೆ ಅದು 99ರಲ್ಲಿ 27, ಅರ್ಥಾತ್ 11ರಲ್ಲಿ 3. ಇನ್ನು 0.1010010001 ಎಂದು ಒಂದೊಂದರ ನಡುವೆ ಸೊನ್ನೆಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದರೆ ಅದು ಎಂದಿಗೂ ಆವೃತ್ತಿಯಾಗದು. ಅಭಾಗಲಬ್ಧ ಸಂಖ್ಯೆಯನ್ನು ಕಾಣಲು ಕರ್ಣವೂ ಬೇಡ, ವೃತ್ತವೂ ಬೇಡ. ಶಾಲೆಯ ಹುಡುಗನು ತನ್ನ ಪಾಟಿಯ ಮೇಲೆ ತಾನೇ ಒಂದನ್ನು ಹುಟ್ಟಿಸಬಹುದು. ಆವೃತ್ತಿಯಾಗುವ, ಆಗದ ಎಲ್ಲ ದಶಾಂಶಗಳೂ ಕೂಡಿದ ಸಮುದಾಯವೇ ವಾಸ್ತವ ಸಂಖ್ಯೆಗಳು.

ಇಲ್ಲಿ ಒಬ್ಬ ಆಕ್ಷೇಪಕನು ಎದ್ದುನಿಲ್ಲಬಹುದು. ಮುಗಿಯದ ದಶಾಂಶವನ್ನು ಯಾರೂ ಬರೆದು ಪೂರೈಸಿದವರಿಲ್ಲ. ಎರಡರ ವರ್ಗಮೂಲವೆಂಬದು ಒಂದು ಸಂಖ್ಯೆಯೆಂದು ಹೇಳುವದಕ್ಕೆ ಅಧಿಕಾರವೆಲ್ಲಿಯದು? ಭಾಗಲಬ್ಧಗಳಲ್ಲಿ ಅದು ಇಲ್ಲವೆಂದು ಈಗ ತಾನೇ ಸಾಧಿಸಿ, ಮರುಕ್ಷಣದಲ್ಲಿ ಅದು ಇದೆಯೆಂದು ಹೇಳುವದು ನ್ಯಾಯವೇ? ಈ ಆಕ್ಷೇಪವು ಹುಡುಗಾಟದ್ದಲ್ಲ. ಯೂರೋಪಿನ ಗಣಿತಜ್ಞರು ಎರಡು ಶತಮಾನಗಳ ಕಾಲ ಚಲನಗಣಿತವನ್ನು ಬೆಳೆಸಿ, ಗ್ರಹಗಳ ಗತಿಯನ್ನೂ ತಂತಿಯ ನಾದವನ್ನೂ ಅದರಿಂದ ಎಣಿಸಿದರು. ಆದರೆ ಅವರು ಎಣಿಸುತ್ತಿದ್ದ ಸಂಖ್ಯೆಗಳು ಏನೆಂದು ಕೇಳಿದರೆ ರೇಖೆಯ ಚಿತ್ರವನ್ನು ತೋರಿಸುವದಲ್ಲದೆ ಬೇರೆ ಉತ್ತರವು ಅವರಲ್ಲಿರಲಿಲ್ಲ. ಜರ್ಮನಿಯ ರಿಚರ್ಡ್ ಡೆಡೆಕಿಂಡನು 1858ರಲ್ಲಿ ಝೂರಿಕ್ ನಗರದ ವಿದ್ಯಾಲಯದಲ್ಲಿ ಈ ಶಾಸ್ತ್ರವನ್ನು ಪಾಠಹೇಳಲು ತೊಡಗಿದಾಗ, ವಿದ್ಯಾರ್ಥಿಗಳ ಮುಂದೆ ಚಿತ್ರದ ಆಸರೆಯನ್ನು ಹಿಡಿಯಬೇಕಾಗಿ ಬಂದದ್ದು ಆತನ ಮನಸ್ಸನ್ನು ಚುಚ್ಚಿತು. ಅದೇ ವರ್ಷದ ನವೆಂಬರ್ 24ರಂದು ಆತನಿಗೆ ಉತ್ತರವು ಹೊಳೆಯಿತು. ಅದನ್ನು ಪ್ರಕಟಿಸಿದ್ದು 1872ರಲ್ಲಿ. ಹದಿನಾಲ್ಕು ವರ್ಷ ಆತನು ಅದನ್ನು ಅಚ್ಚಿಗೆ ಕೊಡದೆ ಇರಿಸಿಕೊಂಡಿದ್ದನು.

ಡೆಡೆಕಿಂಡನ ಉತ್ತರವು ಇಷ್ಟೇ. ತೆರಪನ್ನು ತುಂಬಲು ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಆ ತೆರಪನ್ನೇ ಸಂಖ್ಯೆಯೆನ್ನಬಹುದು. ಭಾಗಲಬ್ಧಗಳೆಲ್ಲವನ್ನೂ ಎರಡು ಪಂಗಡ ಮಾಡಬೇಕು: ಋಣಗಳು, ಸೊನ್ನೆ, ಮತ್ತು ವರ್ಗವು ಎರಡಕ್ಕಿಂತ ಕಡಿಮೆಯಾಗುವ ಧನಸಂಖ್ಯೆಗಳು ಕೆಳಗಿನ ಪಂಗಡ, ವರ್ಗವು ಎರಡಕ್ಕಿಂತ ಹೆಚ್ಚಾಗುವ ಧನಸಂಖ್ಯೆಗಳು ಮೇಲಿನ ಪಂಗಡ. ಯಾವ ಭಾಗಲಬ್ಧವೂ ಇವೆರಡರಿಂದ ಹೊರಗುಳಿಯಲಿಲ್ಲ. ಕೆಳಗಿನದರಲ್ಲಿ ಎಲ್ಲಕ್ಕೂ ದೊಡ್ಡದೆಂಬದಿಲ್ಲ. ಮೇಲಿನದರಲ್ಲಿ ಎಲ್ಲಕ್ಕೂ ಚಿಕ್ಕದೆಂಬದಿಲ್ಲ. ಥಿಯೋನನ ಎರಡು ಸಾಲುಗಳು ತೋರಿಸಿದ್ದು ಇದನ್ನೇ. ಹೀಗೆ ಭಾಗಲಬ್ಧಗಳನ್ನು ಸೀಳುವ ಪ್ರತಿಯೊಂದು ಛೇದನಕ್ಕೂ ಒಂದು ವಾಸ್ತವ ಸಂಖ್ಯೆಯೆಂದು ಹೆಸರು. ಛೇದನಗಳನ್ನು ಕೂಡಿಸುವ, ಗುಣಿಸುವ ಕ್ರಮವನ್ನೂ ಆತನು ಹೇಳಿದನು. 2ರ ವರ್ಗಮೂಲವನ್ನು 3ರ ವರ್ಗಮೂಲದಿಂದ ಗುಣಿಸಿದರೆ 6ರ ವರ್ಗಮೂಲವಾಗುವದೆಂಬ, ಶಾಲೆಗಳಲ್ಲೆಲ್ಲ ಹೇಳುವ ಮಾತು ಅದುವರೆಗೆ ಸರಿಯಾಗಿ ಸಾಧಿಸಲ್ಪಟ್ಟಿರಲಿಲ್ಲವೆಂದು ತಿಳಿಸಿ ಅನೇಕರನ್ನು ಅಚ್ಚರಿಗೊಳಿಸಿದನು. ಹೀಗೆ ಕಟ್ಟಿದ ವಾಸ್ತವ ಸಂಖ್ಯೆಗಳನ್ನು ಮತ್ತೆ ಅದೇ ರೀತಿ ಸೀಳಿದರೆ ಹೊಸ ತೆರಪು ಕಾಣುವದಿಲ್ಲ. ಪ್ರತಿಯೊಂದು ಸೀಳಿನಲ್ಲಿಯೂ ಒಂದು ಸಂಖ್ಯೆಯು ನಿಂತಿರುವದು. ವಾಸ್ತವಕ್ಕೂ ಭಾಗಲಬ್ಧಕ್ಕೂ ಇರುವ ಮುಖ್ಯ ಭೇದವು ಇದೇ. ಕೂಡುವಿಕೆ, ಕಳೆಯುವಿಕೆ, ಗುಣಾಕಾರ, ಭಾಗಾಕಾರ ಇವುಗಳಲ್ಲಿ ಎರಡೂ ಒಂದೇ ತೆರನಾಗಿ ನಡೆಯುವವು. ಚಿಕ್ಕದು ದೊಡ್ಡದೆಂಬ ಕ್ರಮವು ಎರಡರಲ್ಲಿಯೂ ಉಂಟು. ಭಾಗಲಬ್ಧಗಳಿಗೆ ಇಲ್ಲದ್ದು ಈ ಪೂರ್ಣತೆಯೊಂದೇ.

ಅದು ಇಲ್ಲದಿದ್ದರೆ ಆಗುವ ನಷ್ಟವೇನೆಂಬದಕ್ಕೆ ಒಂದೇ ನಿದರ್ಶನವು ಸಾಕು. ಒಂದು ವಕ್ರರೇಖೆಯು ಅಡ್ಡಗೆರೆಯ ಕೆಳಗಿನಿಂದ ಹೊರಟು ಎಲ್ಲಿಯೂ ತುಂಡಾಗದೆ ಮೇಲಕ್ಕೆ ಹೋದರೆ, ನಡುವೆ ಆ ಗೆರೆಯನ್ನು ದಾಟಲೇಬೇಕೆಂದು ಮಕ್ಕಳೂ ಹೇಳುವರು. ಇದಕ್ಕೆ ಸಾಧನೆಯು ಬೇಕೆಂದು 1817ರಲ್ಲಿ ಪ್ರಾಗ್ ನಗರದ ಬೊಲ್ಜಾನೋ ಎಂಬ ಪಾದ್ರಿಯು ಬರೆದಾಗ ಕೇಳಿದವರು ವಿರಳ. ಭಾಗಲಬ್ಧಗಳು ಮಾತ್ರವೇ ಇರುವ ಲೋಕದಲ್ಲಿ, ಒಂದು ಸಂಖ್ಯೆಯ ವರ್ಗದಿಂದ ಎರಡನ್ನು ಕಳೆದು ಬರೆದ ವಕ್ರರೇಖೆಯು 1ರ ಹತ್ತಿರ ಗೆರೆಯ ಕೆಳಗೂ 2ರ ಹತ್ತಿರ ಗೆರೆಯ ಮೇಲೂ ಇದ್ದು, ನಡುವೆ ಎಲ್ಲಿಯೂ ಗೆರೆಯನ್ನು ಮುಟ್ಟದೆಯೇ ದಾಟಿಹೋಗುವದು. ಬೇಲಿಯಲ್ಲಿ ಕಣ್ಣಿಗೆ ಕಾಣದ ಕಿಂಡಿಯಿದ್ದು ಹಸುವು ಹೊಲಕ್ಕೆ ನುಗ್ಗಿದಂತಾಯಿತು. ಚಲನಗಣಿತದ ಪ್ರಮೇಯಗಳೆಲ್ಲವೂ ಈ ಕಿಂಡಿಯನ್ನು ಮುಚ್ಚಿದ ಮೇಲೆಯೇ ನಿಲ್ಲತಕ್ಕವು.

ಕಿಂಡಿಗಳು ಎಷ್ಟು? ಎರಡರ ವರ್ಗಮೂಲದಂಥವು ಅಲ್ಲೊಂದು ಇಲ್ಲೊಂದು ಇರಬಹುದೆಂದು ತಿಳಿದವರ ಮುಂದೆ ಗೆಯೋರ್ಗ್ ಕ್ಯಾಂಟರನು ಬೇರೆಯೇ ಒಂದು ಲೆಕ್ಕವನ್ನಿಟ್ಟನು. ಧನಭಾಗಲಬ್ಧಗಳನ್ನು ಅಂಶ ಛೇದಗಳ ಮೊತ್ತದ ಕ್ರಮದಿಂದ ಬರೆಯಬಹುದು: ಮೊತ್ತವು 2 ಆದದ್ದು 1/1, 3 ಆದದ್ದು 1/2, 2/1, 4 ಆದದ್ದು 1/3, 3/1, 5 ಆದದ್ದು 1/4, 2/3, 3/2, 4/1, ಹೀಗೆಯೇ ಮುಂದೆ. ಪ್ರತಿಯೊಂದು ಭಾಗಲಬ್ಧಕ್ಕೂ ಈ ಪಟ್ಟಿಯಲ್ಲಿ ಒಂದು ಕ್ರಮಸಂಖ್ಯೆಯು ದೊರೆಯುವದು; 4/1ಕ್ಕೆ ದೊರೆಯುವದು ಒಂಬತ್ತನೆಯದು. ಅಂದಮೇಲೆ ಅನಂತವಾದರೂ ಅವು ಎಣಿಕೆಗೆ ಬರುವವು. ವಾಸ್ತವ ಸಂಖ್ಯೆಗಳಿಗೆ ಇಂಥ ಪಟ್ಟಿಯು ಸಾಧ್ಯವೇ ಎಂದು ಕ್ಯಾಂಟರನು 1873ರ ನವೆಂಬರಿನಲ್ಲಿ ಡೆಡೆಕಿಂಡನಿಗೆ ಪತ್ರ ಬರೆದು ಕೇಳಿದನು. ಡಿಸೆಂಬರ್ 7ರಂದು ಸಾಧ್ಯವಿಲ್ಲವೆಂಬ ಉತ್ತರವನ್ನು ತಾನೇ ಬರೆದು ಕಳುಹಿದನು. ಆತನು 1891ರಲ್ಲಿ ಕೊಟ್ಟ ಇನ್ನೊಂದು ಸಾಧನೆಯು ಹೆಚ್ಚು ಸುಲಭವು. ಯಾರಾದರೂ ಸೊನ್ನೆಗೂ ಒಂದಕ್ಕೂ ನಡುವಣ ದಶಾಂಶಗಳೆಲ್ಲವನ್ನೂ ಪಟ್ಟಿಮಾಡಿ ತಂದೆನೆಂದರೆ, ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಮೂರನೆಯದರ ಮೂರನೆಯ ಅಂಕಿ ಎಂದು ಓರೆಯಾಗಿ ಇಳಿಯುತ್ತ ಹೋಗಿ, ಅಲ್ಲಿ 5 ಇದ್ದರೆ 6ನ್ನೂ ಬೇರೆ ಏನಿದ್ದರೂ 5ನ್ನೂ ಬರೆದಿಡಬೇಕು. ಹೀಗಾದ ದಶಾಂಶವು ಪಟ್ಟಿಯ ಪ್ರತಿಯೊಂದರಿಂದಲೂ ಒಂದು ಅಂಕಿಯಲ್ಲಾದರೂ ಬೇರೆ. ಆದ್ದರಿಂದ ಅದು ಪಟ್ಟಿಯಲ್ಲಿಲ್ಲ. ಎಂಥ ಪಟ್ಟಿಯನ್ನು ತಂದರೂ ಇದೇ ಗತಿ.

ಇದರಿಂದ ಬರುವ ಒಂದು ಫಲವನ್ನು ಕೇಳಿದವರು ಮೊದಲಿಗೆ ನಂಬುವದೇ ಇಲ್ಲ. ಕಲಬುರ್ಗಿಯಿಂದ ಕಾಶಿಯವರೆಗೆ ಒಂದು ದಾರವನ್ನು ಎಳೆದು ಕಟ್ಟಿದರೆನ್ನಿರಿ. ಅದರ ಮೇಲಣ ಭಾಗಲಬ್ಧ ಬಿಂದುಗಳೆಲ್ಲವನ್ನೂ ಕಾಗದದ ಪಟ್ಟಿಗಳಿಂದ ಮುಚ್ಚಬೇಕು. ಪಟ್ಟಿಯಲ್ಲಿ ಮೊದಲನೆಯದಾಗಿ ಬಂದ ಬಿಂದುವಿಗೆ ಅರ್ಧ ಅಂಗುಲದ ತುಂಡು, ಎರಡನೆಯದಕ್ಕೆ ಕಾಲಂಗುಲ, ಮೂರನೆಯದಕ್ಕೆ ಅರೆಕಾಲು, ನಾಲ್ಕನೆಯದಕ್ಕೆ ವೀಸ, ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಒಂದು ಭಾಗಲಬ್ಧವೂ ಬಿಡದಂತೆ ಎಲ್ಲವೂ ಮುಚ್ಚಿಹೋಗುವವು. ಬೇಕಾದ ಕಾಗದವು ಒಟ್ಟು ಒಂದು ಅಂಗುಲವನ್ನು ಮೀರದು. ಒಂದು ಅಂಗುಲದ ಬದಲು ಕೂದಲೆಳೆಯ ದಪ್ಪದಷ್ಟನ್ನೇ ಕೊಟ್ಟರೂ ಸಾಕಾಗುವದು. ಎಲ್ಲೆಡೆಯಲ್ಲಿಯೂ ಕಿಕ್ಕಿರಿದಿರುವ ಭಾಗಲಬ್ಧಗಳು ಒಟ್ಟಿಗೆ ಸೇರಿದರೂ ರೇಖೆಯ ಉದ್ದದಲ್ಲಿ ಏನನ್ನೂ ಆಕ್ರಮಿಸುವದಿಲ್ಲ. ಉದ್ದವೆಲ್ಲವೂ ತೆರಪುಗಳದೇ.

ಕ್ಯಾಂಟರನ ವಿಚಾರಗಳನ್ನು ಬರ್ಲಿನಿನ ಕ್ರೋನೆಕರನು ಕಟುವಾಗಿ ವಿರೋಧಿಸಿದನು; ಪೂರ್ಣಾಂಕಗಳಿಂದ ಮಿತವಾದ ಹೆಜ್ಜೆಗಳಲ್ಲಿ ಕಟ್ಟಲಾಗದ್ದನ್ನು ಗಣಿತದಲ್ಲಿ ಸೇರಿಸಬಾರದೆಂಬದು ಆತನ ಮತ. ಆ ಮತವನ್ನು ಕೇವಲ ಹಟವೆಂದು ತಳ್ಳಿಬಿಡುವದು ಸರಿಯಲ್ಲ. ಯಾವದೇ ಒಂದು ಭಾಷೆಯಲ್ಲಿ ಬರೆಯಬಹುದಾದ ವಾಕ್ಯಗಳನ್ನೆಲ್ಲ ಪಟ್ಟಿಮಾಡಬಹುದು. ವಾಸ್ತವ ಸಂಖ್ಯೆಗಳನ್ನು ಮಾಡಲಾಗದು. ಆದಕಾರಣ ಆ ಭಾಷೆಯಲ್ಲಿ ಎಷ್ಟು ಹೆಸರುಗಳನ್ನಿಟ್ಟರೂ ಹೆಸರಿಲ್ಲದ ಸಂಖ್ಯೆಗಳೇ ಬಹುಪಾಲಾಗಿ ಉಳಿಯುವವು. ಎಂಥ ಸೂಕ್ಷ್ಮಯಂತ್ರದಿಂದ ಅಳೆದರೂ ಕೈಗೆ ಬರುವ ಉತ್ತರವು ಭಾಗಲಬ್ಧವೇ. ಇಂದಿನ ಗಣಕಯಂತ್ರಗಳೂ ಸಾಮಾನ್ಯವಾಗಿ ತಮ್ಮ ಲೆಕ್ಕವನ್ನು ಮಿತವಾದ ಕೆಲವು ಭಾಗಲಬ್ಧಗಳಲ್ಲಿಯೇ ಮುಗಿಸುವವು. ಹಾಗಿದ್ದರೂ ಆ ಯಂತ್ರದ ಉತ್ತರವು ಎಷ್ಟರಮಟ್ಟಿಗೆ ತಪ್ಪಿತೆಂದು ಹೇಳಬೇಕಾದರೆ, ತಪ್ಪದ ಉತ್ತರವೊಂದು ಇರಬೇಕಷ್ಟೆ. ಅದನ್ನು ಇರಗೊಡುವದು ವಾಸ್ತವ ಸಂಖ್ಯೆಗಳ ಪೂರ್ಣತೆಯೇ. ಕ್ಯಾಂಟರನು ಕಡೆಯ ಕಾಲದಲ್ಲಿ ಮನೋವ್ಯಾಧಿಯಿಂದ ನರಳಿ, ಹಾಲೆ ನಗರದ ಆರೋಗ್ಯಧಾಮದಲ್ಲಿ 1918ರ ಜನವರಿಯಲ್ಲಿ ತೀರಿಕೊಂಡನು. ವಿರೋಧವೇ ಆ ವ್ಯಾಧಿಗೆ ಕಾರಣವೆಂದು ಬರೆಯುವವರುಂಟು. ರೋಗದ ಮೂಲವನ್ನು ಅಷ್ಟು ಸುಲಭವಾಗಿ ನಿಶ್ಚಯಿಸಲಾಗದು.

ಭಾಗಲಬ್ಧಗಳು ಇಷ್ಟು ವಿರಳವೆಂದು ತಿಳಿದ ಮೇಲೂ, ಕಣ್ಣ ಮುಂದಿರುವ ಒಂದು ಸಂಖ್ಯೆಯು ಯಾವ ಪಂಗಡದ್ದೆಂದು ನಿರ್ಣಯಿಸುವದು ಬಹಳ ಕಷ್ಟದ ಕೆಲಸವು. ಒಂದರಿಂದ ತೊಡಗಿ ಎಲ್ಲ ಪೂರ್ಣಾಂಕಗಳ ಘನಗಳ ವಿಲೋಮಗಳನ್ನು ಕೂಡಿಸಿದ ಮೊತ್ತವು ಅಭಾಗಲಬ್ಧವೆಂದು ಫ್ರಾನ್ಸಿನ ರೋಜರ್ ಅಪೇರಿಯು 1978ರಲ್ಲಿ, ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, ಸಾಧಿಸಿದಾಗ ಸಭೆಯಲ್ಲಿದ್ದ ಪಂಡಿತರು ಅದನ್ನು ಸುಲಭವಾಗಿ ನಂಬಲಿಲ್ಲ. ಅನಂತರ ಪರೀಕ್ಷಿಸಿ ಒಪ್ಪಿದರು. ಪರಿಧಿಯ ಸಂಖ್ಯೆಯನ್ನೂ ನೈಜ ಲಾಗರಿದಮಿನ ಆಧಾರಸಂಖ್ಯೆಯನ್ನೂ ಕೂಡಿಸಿದರೆ ಬರುವದು ಭಾಗಲಬ್ಧವೇ ಅಲ್ಲವೇ ಎಂಬದು ಇಂದಿಗೂ ಇತ್ಯರ್ಥವಾಗಿಲ್ಲ. ಆಯ್ಲರನ ಹೆಸರಿನಲ್ಲಿ ಕರೆಯಲ್ಪಡುವ 0.5772 ಎಂದು ಮೊದಲಾಗುವ ಸಂಖ್ಯೆಯ ಗತಿಯೂ ಅದೇ. ಅದು ಅಭಾಗಲಬ್ಧವೆಂದೇ ಗಣಿತಜ್ಞರೆಲ್ಲರ ನಂಬಿಕೆ. ಸಾಧನೆಯು ಮಾತ್ರ ಯಾರಿಂದಲೂ ಆಗಿಲ್ಲ. ಒಂದು ವೇಳೆ ಅದು ಭಿನ್ನರಾಶಿಯೇ ಆಗಿದ್ದಲ್ಲಿ, ಅದರ ಛೇದವನ್ನು ಬರೆಯಲು ಎರಡು ಲಕ್ಷಕ್ಕೂ ಮಿಕ್ಕಿ ಅಂಕಿಗಳು ಬೇಕಾಗುವವೆಂಬಷ್ಟನ್ನು ಲೆಕ್ಕಮಾಡಿ ತಿಳಿದಿದ್ದಾರೆ.